ಚೈನ್ ಅನಿಮೇಷನ್: ಕೊನೆಯ ಲಿಂಕ್ ಕೂಡುತ್ತಿಲ್ಲ, ರೋಲರ್ ಹಲ್ಲಿನ ಮೇಲೆ ಹತ್ತುತ್ತದೆ

ಹಲ್ಲುಚಕ್ರ17:

ಅಸೆಂಬ್ಲಿ ಹೀಗಿದೆ. 08ಬಿ ಅಳತೆಯ ರೋಲರ್ ಚೈನ್, ಪಿಚ್ (ಪಕ್ಕಪಕ್ಕದ ಎರಡು ಪಿನ್‌ಗಳ ನಡುವಿನ ದೂರ) 12.7 ಮಿ.ಮೀ. ಚಿಕ್ಕ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲುಚಕ್ರ) 17 ಹಲ್ಲು, ದೊಡ್ಡದಕ್ಕೆ 34. ಸೆಂಟರ್ ದೂರ 300 ಮಿ.ಮೀ. 3ಡಿ ವಿನ್ಯಾಸದ ತಂತ್ರಾಂಶ ಸಾಲಿಡ್‌ವರ್ಕ್ಸ್‌ನ ಚೈನ್ ಕಾಂಪೊನೆಂಟ್ ಪ್ಯಾಟರ್ನ್‌ನಲ್ಲಿ (ಲಿಂಕ್‌ಗಳನ್ನು ಪಾತ್ ಉದ್ದಕ್ಕೂ ಕೂರಿಸುವ ಸಾಧನ) ಕನೆಕ್ಟೆಡ್ ಲಿಂಕೇಜ್ ಆರಿಸಿ ಫಿಲ್ ಪಾತ್ ಒತ್ತಿದರೆ 73 ಲಿಂಕ್ ಬಂದು ನಿಲ್ಲುತ್ತದೆ. ಕೊನೆಗೆ ಸುಮಾರು 0.7 ಮಿ.ಮೀ. ಸಂದು. ಆ ಸಂದಿನ ಎರಡೂ ಕಡೆ ಒಳ ಲಿಂಕೇ ಇದೆ. ಕೈಯಲ್ಲಿ ಎಳೆದರೆ ಚೈನ್ ಓಡುತ್ತದೆ, ಸ್ಪ್ರಾಕೆಟ್ ಕದಲುವುದಿಲ್ಲ. ಸ್ಪ್ರಾಕೆಟ್‌ಗೆ ಬೇರೆ ಮೋಟರ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ರೋಲರ್ ಹಲ್ಲಿನ ಮೇಲೆ ಹತ್ತಿ ಕೂರುತ್ತದೆ. ಬೇಕಿರುವುದು 10 ಸೆಕೆಂಡಿನ ವಿಡಿಯೊ ಅಷ್ಟೇ, ಬಲದ ಲೆಕ್ಕ ಬೇಡ. ಎಲ್ಲಿ ಎಡವಟ್ಟಾಗಿದೆ?

ಪಿಚ್ಚುಗಾರ:

ಪ್ಯಾಟರ್ನ್‌ನಲ್ಲಿ ತಪ್ಪಿಲ್ಲ, ಸೆಂಟರ್ ದೂರದಲ್ಲಿದೆ. 300 ಎಂಬ ದುಂಡು ಸಂಖ್ಯೆಗೆ ಚೈನ್ ಒಗ್ಗುವುದಿಲ್ಲ. ಮೊದಲು ಲಿಂಕ್ ಎಣಿಸಿ, ಆಮೇಲೆ ಸೆಂಟರ್ ಇಡಿ.

ಲಿಂಕ್ ಸಂಖ್ಯೆಗೆ ಎಲ್ಲರೂ ಬಳಸುವ ಸೂತ್ರ: ಸೆಂಟರ್ ದೂರವನ್ನು ಪಿಚ್‌ನಿಂದ ಭಾಗಿಸಿ, ಅದರ ಎರಡರಷ್ಟು, ಅದಕ್ಕೆ ಎರಡೂ ಸ್ಪ್ರಾಕೆಟ್‌ಗಳ ಹಲ್ಲುಗಳ ಮೊತ್ತದ ಅರ್ಧ, ಅದಕ್ಕೆ ಹಲ್ಲುಗಳ ವ್ಯತ್ಯಾಸವನ್ನು 2π ಇಂದ ಭಾಗಿಸಿ, ವರ್ಗ ಮಾಡಿ, ಮತ್ತೆ ಪಿಚ್‌ಗಳಲ್ಲಿನ ಸೆಂಟರ್ ದೂರದಿಂದ ಭಾಗಿಸಿದ್ದು.

ನಿಮ್ಮದಕ್ಕೆ 300 ÷ 12.7 = 23.622. ಹಾಗಾಗಿ 47.244 + 25.5 + 0.310 = 73.054 ಪಿಚ್. ಆ 0.054 ಪಿಚ್ ಅಂದರೆ 0.69 ಮಿ.ಮೀ. ನೀವು ಹೇಳಿದ ಸಂದು ಅದೇ. ಇನ್ನು 73 ಬೆಸ ಸಂಖ್ಯೆ. ಒಳ ಲಿಂಕ್, ಹೊರ ಲಿಂಕ್ ಒಂದಾದ ಮೇಲೊಂದು ಬರಬೇಕಾದ ಚೈನ್‌ನಲ್ಲಿ ಬೆಸ ಸಂಖ್ಯೆ ಬಂದರೆ ಎರಡು ಒಳ ಲಿಂಕ್ ಎದುರುಬದುರಾಗಿಯೇ ತೀರುತ್ತವೆ. ನಿಜವಾದ ಚೈನ್‌ನಲ್ಲಾದರೆ ಅಲ್ಲಿ ಆಫ್‌ಸೆಟ್ ಲಿಂಕ್ (ಒಂದು ತುದಿ ಒಳ, ಇನ್ನೊಂದು ತುದಿ ಹೊರ ಲಿಂಕಿನಂತಿರುವುದು) ಹಾಕಬೇಕಾಗುತ್ತದೆ. ಅದು ಚೈನ್‌ನ ಶಕ್ತಿ ಕುಗ್ಗಿಸುವುದರಿಂದ ಆದಷ್ಟು ತಪ್ಪಿಸುತ್ತಾರೆ.

74 ಲಿಂಕ್ ಅಂತ ಗಟ್ಟಿ ಮಾಡಿಕೊಂಡು ಸೂತ್ರವನ್ನು ತಿರುಗಿಸಿದರೆ ಸೆಂಟರ್ 306.05 ಮಿ.ಮೀ. ಬರುತ್ತದೆ. 72 ಲಿಂಕ್ ಆದರೆ 293.26. ಡಿಸೈನ್‌ನಲ್ಲಿ 300 ಬದಲಾಗಲೇಬಾರದು ಎಂದಿದ್ದರೆ 74 ಲಿಂಕ್ ಇಟ್ಟು, ಸಡಿಲ ಬದಿಗೆ ಐಡ್ಲರ್ ಸ್ಪ್ರಾಕೆಟ್ (ಚೈನ್ ಬಿಗಿಯಾಗಿಡಲು ಮಾತ್ರ ಇರುವ ಚಕ್ರ) ಒತ್ತಿ, ಉಳಿದ ಸುಮಾರು 12 ಮಿ.ಮೀ. ಉದ್ದವನ್ನು ಪಾತ್‌ನಲ್ಲೇ ನುಂಗಿಸಿ.

ಹಲ್ಲುಚಕ್ರ17:

306.05 ಇಟ್ಟೆ, 74 ಲಿಂಕ್ ಕೂತಿತು, ಒಳ-ಹೊರ ಸರಿಯಾಯಿತು. ಆದರೆ ಸ್ಕೆಚ್‌ನ ಒಟ್ಟು ಉದ್ದ ಅಳೆದರೆ 940.72 ತೋರಿಸುತ್ತದೆ. 74 × 12.7 = 939.80 ಆಗಬೇಕಲ್ಲ? ಈ 0.92 ಎಲ್ಲಿಂದ ಬಂತು? ಆರ್ಕ್‌ಗಳು ಪಿಚ್ ವ್ಯಾಸದವೇ, 69.12 ಮತ್ತು 137.64.

ಪಿಚ್ಚುಗಾರ:

ಒಳ್ಳೆಯ ಪ್ರಶ್ನೆ. ರೋಲರ್ ಹಲ್ಲಿನ ಮೇಲೆ ಹತ್ತುವ ಕಾಯಿಲೆಯ ಬೇರೂ ಕೆಲವು ಟೂಲ್‌ಗಳಲ್ಲಿ ಇಲ್ಲೇ ಇರುತ್ತದೆ.

ಪಿಚ್ ವ್ಯಾಸದ ಸೂತ್ರ: ಪಿಚ್ ÷ ಸೈನ್(180 ÷ ಹಲ್ಲು). ಇದರಲ್ಲಿ ಪಿಚ್ ಅಂದರೆ ಎರಡು ಪಿನ್‌ಗಳ ನಡುವಿನ ನೇರ ದೂರ, ಅಂದರೆ ಜ್ಯಾ. ಸ್ಪ್ರಾಕೆಟ್ ಸುತ್ತ ಚೈನ್ ವೃತ್ತವಾಗಿ ಕೂರುವುದಿಲ್ಲ, ಬಹುಭುಜವಾಗಿ ಕೂರುತ್ತದೆ. ನೀವು ಸ್ಕೆಚ್‌ನಲ್ಲಿ ಎಳೆದದ್ದು ಆ ಬಹುಭುಜದ ಮೂಲೆಗಳನ್ನು ಹಾಯುವ ವೃತ್ತ. ಅದರ ಮೇಲೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಕಂಸದ ಉದ್ದ 17 ಹಲ್ಲಿಗೆ 12.773 ಮಿ.ಮೀ., 34 ಹಲ್ಲಿಗೆ 12.718. ಚಿಕ್ಕ ಸ್ಪ್ರಾಕೆಟ್‌ನಲ್ಲಿ ಚೈನ್ ತಬ್ಬಿರುವುದು 7.89 ಹಲ್ಲು, ದೊಡ್ಡದರಲ್ಲಿ 18.21. ಗುಣಿಸಿ ಕೂಡಿಸಿದರೆ 0.9ರ ಆಸುಪಾಸು ಬಂದೇ ಬರುತ್ತದೆ.

ಈಗ ಮುಖ್ಯ ಸಂಗತಿ. ನಿಮ್ಮ ಟೂಲ್ ಲಿಂಕ್‌ಗಳ ಅಂತರವನ್ನು ಜ್ಯಾದಲ್ಲಿ ಅಳೆಯುತ್ತದೋ, ಕಂಸದಲ್ಲಿ ಅಳೆಯುತ್ತದೋ ಎಂದು ಮೊದಲು ತಿಳಿದುಕೊಳ್ಳಿ. ಪಾತ್ ಎಳೆಯುವುದು ಅದರ ಮೇಲೆ ನಿಂತಿದೆ.

ಜ್ಯಾದಲ್ಲಿ ಅಳೆಯುವಂಥದ್ದು: ಲಿಂಕಿನ ಎರಡೂ ಪಿನ್‌ಗಳನ್ನು ಪಾತ್ ಮೇಲೆ ಕೂರಿಸುವ ಎಲ್ಲ ವಿಧಾನಗಳೂ. ಸಾಲಿಡ್‌ವರ್ಕ್ಸ್‌ನ ಕನೆಕ್ಟೆಡ್ ಲಿಂಕೇಜ್ ಈ ಜಾತಿ. ಇದಕ್ಕೆ ನಿಜವಾದ ಪಿಚ್ ವೃತ್ತವೇ ಸರಿ. ಒಟ್ಟು ಉದ್ದ 940.72 ಎಂದು ತೋರಿಸಿದರೂ ತಲೆ ಕೆಡಿಸಿಕೊಳ್ಳಬೇಡಿ.

ಕಂಸದಲ್ಲಿ ಅಳೆಯುವಂಥದ್ದು: ‘ಪಾತ್ ಮೇಲೆ ಇಷ್ಟು ದೂರಕ್ಕೊಂದು’ ಎಂದು ಎಸೆಯುವ ಪ್ಯಾಟರ್ನ್, 3ಡಿ ಅನಿಮೇಷನ್ ತಂತ್ರಾಂಶ ಬ್ಲೆಂಡರ್‌ನ ಕರ್ವ್, ಸ್ವಂತ ಮ್ಯಾಕ್ರೊ. ಇಲ್ಲಿ ಪಿಚ್ ವೃತ್ತ ಬಳಸಿದರೆ ಪ್ರತಿ ಹಲ್ಲಿಗೆ 0.073 ಮಿ.ಮೀ. ಹಿಂದೆ ಬೀಳುತ್ತಾ, ಚಿಕ್ಕ ಸ್ಪ್ರಾಕೆಟ್‌ನ ಸುತ್ತು ಮುಗಿಯುವ ಹೊತ್ತಿಗೆ ರೋಲರ್ 0.58 ಮಿ.ಮೀ. ಜಾರಿರುತ್ತದೆ. 8.51 ವ್ಯಾಸದ ರೋಲರ್‌ಗೆ ಅದು ಕ್ಲೋಸಪ್‌ನಲ್ಲಿ ಎದ್ದು ಕಾಣುತ್ತದೆ. ಮದ್ದು ಸುಲಭ: ಪಾತ್‌ನ ತ್ರಿಜ್ಯವನ್ನು ಹಲ್ಲು × ಪಿಚ್ ÷ 2π ಮಾಡಿ. 17 ಹಲ್ಲಿಗೆ 34.56 ಬದಲು 34.36, 34 ಹಲ್ಲಿಗೆ 68.82 ಬದಲು 68.72. ಆಗ ಒಂದು ಪಿಚ್ ಸರಿದರೆ ಕರಾರುವಾಕ್ಕಾಗಿ ಒಂದು ಹಲ್ಲು ಸರಿಯುತ್ತದೆ. 306.05 ಸೆಂಟರ್‌ಗೆ ಈ ಪಾತ್‌ನ ಉದ್ದ ಎಷ್ಟೆಂದು ಅಳೆದು ನೋಡಿ, 939.80 ಬರುತ್ತದೆ.

ಕೀಲುಬಿಂದು:

ಹಾಗೆ ಮಾಡಿದರೆ ರೋಲರ್ ಹಲ್ಲಿನ ಕುಳಿಯೊಳಗೆ 0.2 ಮಿ.ಮೀ. ಹೂತು ಹೋಗುತ್ತದಲ್ಲ ಸರ್? ಇಂಟರ್ಫಿಯರೆನ್ಸ್ ಚೆಕ್ (ಭಾಗಗಳು ಒಂದರೊಳಗೊಂದು ತೂರಿವೆಯೇ ಎಂಬ ಪರೀಕ್ಷೆ) ಮಾಡಿದರೆ ಪಟ್ಟಿ ತುಂಬಾ ಕೆಂಪು.

ಪಿಚ್ಚುಗಾರ:

ಹೂಳುತ್ತದೆ, ನಿಜ. ಒಳ ಪ್ಲೇಟ್‌ಗಳ ಮರೆಯಲ್ಲಿ ಕಾಣುವುದಿಲ್ಲ. ಕಂಡರೆ ಸ್ಪ್ರಾಕೆಟ್‌ನ ಒಂದು ಪ್ರತಿ ತೆಗೆದು ಕುಳಿಯನ್ನು 0.2 ಆಳ ಮಾಡಿ, ಆ ಪ್ರತಿಯನ್ನು ಅನಿಮೇಷನ್‌ಗೆ ಮಾತ್ರ ಬಳಸಿ. ಡ್ರಾಯಿಂಗ್‌ಗೆ ಹೋಗುವ ಮಾದರಿಯನ್ನು ಮುಟ್ಟಬೇಡಿ. ಇಂಟರ್ಫಿಯರೆನ್ಸ್ ಚೆಕ್‌ಗೂ ಅಸಲಿ ಮಾದರಿಯೇ ಬೇಕು.

ಮೇಟ್‌ಮನೆ:

ಸಾಲಿಡ್‌ವರ್ಕ್ಸ್ ಕಡೆಯ ಕ್ರಮ ಬರೆಯುತ್ತೇನೆ. ಚೈನ್ ಪ್ಯಾಟರ್ನ್ 2015ರ ಆವೃತ್ತಿಯಲ್ಲಿ ಬಂದದ್ದು, ಅದಕ್ಕಿಂತ ಹಳೆಯದರಲ್ಲಿ ಹುಡುಕಬೇಡಿ.

ಮೊದಲು ಭಾಗಗಳು. ಒಳ ಲಿಂಕ್ ಅಂದರೆ 2 ಪ್ಲೇಟ್, 2 ಬುಶ್, 2 ರೋಲರ್. ಹೊರ ಲಿಂಕ್ ಅಂದರೆ 2 ಪ್ಲೇಟ್, 2 ಪಿನ್. ಇವನ್ನು ಸಬ್‌ಅಸೆಂಬ್ಲಿಯಾಗಿಯೇ ಬಿಟ್ಟರೆ 37 × 6 + 37 × 4 = 370 ಕಾಂಪೊನೆಂಟ್ ಆಗಿ ಅಸೆಂಬ್ಲಿ ಏದುಸಿರು ಬಿಡುತ್ತದೆ. ತಲಾ ಒಂದೊಂದು ಪಾರ್ಟ್ ಆಗಿ ಸೇವ್ ಮಾಡಿ, 74ಕ್ಕೆ ಇಳಿಯುತ್ತದೆ. ರೋಲರ್ ಬೇರೆಯಾಗಿ ತಿರುಗಬೇಕು ಎಂಬ ಆಸೆ ಬಿಡಿ, ವಿಡಿಯೊದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲೇಟ್ ಅಂಚಿನ ಫಿಲೆಟ್‌ಗಳನ್ನೂ ಬೇರೆ ಕಾನ್ಫಿಗರೇಶನ್‌ನಲ್ಲಿ ಸಪ್ರೆಸ್ ಮಾಡಿ.

ಪಾತ್ ಸ್ಕೆಚ್ ಒಂದೇ ಸ್ಕೆಚ್ ಆಗಿರಬೇಕು: ಎರಡು ಆರ್ಕ್, ಎರಡು ಗೆರೆ, ನಾಲ್ಕೂ ಕಡೆ ಟ್ಯಾಂಜೆಂಟ್. ಪೂರ್ತಿ ವೃತ್ತ ಎಳೆದು ಬಿಟ್ಟರೆ ಒಳಗಿನ ಅರ್ಧವೂ ಸೇರಿಕೊಂಡು ಆಯ್ಕೆ ಕೆಡುತ್ತದೆ, ಟ್ರಿಮ್ ಮಾಡಿ. ಅದನ್ನು ಲಿಂಕಿನ ಮಧ್ಯ ತಲದಲ್ಲೇ ಎಳೆಯಿರಿ.

ಪ್ಯಾಟರ್ನ್‌ನಲ್ಲಿ ಸೆಲೆಕ್ಷನ್ ಮ್ಯಾನೇಜರ್‌ನಿಂದ ಮುಚ್ಚಿದ ಪಾತ್ ಪೂರ್ತಿ ಹಿಡಿಯಿರಿ. ಮೊದಲ ಗುಂಪಿಗೆ ಒಳ ಲಿಂಕ್: ಪಾತ್ ಲಿಂಕ್ 1ಕ್ಕೆ ಒಂದು ಬುಶ್‌ನ ಸಿಲಿಂಡರ್ ಮುಖ, ಪಾತ್ ಲಿಂಕ್ 2ಕ್ಕೆ ಇನ್ನೊಂದರದು, ಅಲೈನ್‌ಮೆಂಟ್ ಪ್ಲೇನ್‌ಗೆ ಲಿಂಕಿನ ಮಧ್ಯ ತಲ. ಎರಡನೇ ಗುಂಪಿಗೆ ಹೊರ ಲಿಂಕ್, ಅದೇ ರೀತಿ ಪಿನ್‌ಗಳ ಮುಖ. ಎರಡನೆಯದರಲ್ಲಿ ಪಾತ್ ಲಿಂಕ್ 1 ಮತ್ತು 2 ಅದಲುಬದಲಾದರೆ ಹೊರ ಲಿಂಕ್ ಹಿಂದೆ ಹೋಗಿ ಒಳ ಲಿಂಕಿನ ಮೇಲೇ ಕೂರುತ್ತದೆ. ಅಂಥದ್ದು ಕಂಡರೆ ಅವೆರಡನ್ನು ಅದಲುಬದಲು ಮಾಡಿ ನೋಡಿ. ಲಿಂಕ್ ತಲೆಕೆಳಗಾದರೆ ಅಲೈನ್‌ಮೆಂಟ್ ಪ್ಲೇನ್ ನೋಡಿ.

ಫಿಲ್ ಪಾತ್ 74 ಕೊಡಬೇಕಾದ ಕಡೆ 73 ಕೊಟ್ಟರೆ ಸೆಂಟರ್‌ಗೆ 0.03 ಮಿ.ಮೀ. ಸೇರಿಸಿ. ಚೈನ್ ಓಡುವಾಗ ಬಹುಭುಜದ ಮೂಲೆಗಳು ಟ್ಯಾಂಜೆಂಟ್ ಬಿಂದುವನ್ನು ದಾಟುವುದರಿಂದ ಕೊನೆಯ ಸಂದು ಮಿಲಿಮೀಟರಿನ ಕೆಲವು ನೂರನೇ ಭಾಗದಷ್ಟು ಹಿಗ್ಗಿ ಕುಗ್ಗುತ್ತಿರುತ್ತದೆ. ಅದು ಸಹಜ. ಡೈನಮಿಕ್ ಆಯ್ಕೆ ಇಟ್ಟರೆ ಯಾವ ಲಿಂಕ್ ಹಿಡಿದರೂ ಎಳೆಯಬಹುದು, ಸ್ಟ್ಯಾಟಿಕ್ ಆದರೆ ಮೂಲ ಲಿಂಕ್ ಮಾತ್ರ. ಕಂಪ್ಯೂಟರ್ ತಿಣುಕಿದರೆ ಸ್ಟ್ಯಾಟಿಕ್.

ಹಲ್ಲುಚಕ್ರ17:

ಸ್ಪ್ರಾಕೆಟ್ ಜೊತೆ ಜೋಡಿಸುವುದು ಹೇಗೆ? ರ‍್ಯಾಕ್ ಪಿನಿಯನ್ ಮೇಟ್ (ಮೇಟ್ ಅಂದರೆ ಭಾಗಗಳ ಜಾಗ, ಚಲನೆಯನ್ನು ಪರಸ್ಪರ ಕಟ್ಟುವ ನಿಯಮ) ಹಾಕಿದೆ. ನೇರ ಭಾಗದಲ್ಲಿ ಸರಿ ಇತ್ತು, ಲಿಂಕ್ ಆರ್ಕ್‌ಗೆ ಬಂದ ತಕ್ಷಣ ಹುಚ್ಚೆದ್ದಿತು.

ಮೇಟ್‌ಮನೆ:

ರ‍್ಯಾಕ್ ಪಿನಿಯನ್ ನೇರ ಚಲನೆಯನ್ನಷ್ಟೇ ಬಲ್ಲದು, ಲಿಂಕ್ ತಿರುವಿಗೆ ಬಂದಮೇಲೆ ಅದಕ್ಕೆ ದಿಕ್ಕು ತಪ್ಪುತ್ತದೆ. ಎರಡೂ ಸ್ಪ್ರಾಕೆಟ್ ಪರಸ್ಪರ ತಿರುಗಲು ಬೆಲ್ಟ್/ಚೈನ್ ಅಸೆಂಬ್ಲಿ ಫೀಚರ್ ಅಥವಾ 17:34 ಗೇರ್ ಮೇಟ್ ಸಾಕು. ಗೇರ್ ಮೇಟ್ ಹಾಕಿದರೆ ರಿವರ್ಸ್ ಟಿಕ್ ಮರೆಯಬೇಡಿ, ಚೈನ್‌ನಲ್ಲಿ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ.

ಚೈನ್‌ಗೂ ಸ್ಪ್ರಾಕೆಟ್‌ಗೂ ಮೇಟ್ ಹುಡುಕುವುದಕ್ಕಿಂತ, ಎರಡನ್ನೂ ಒಂದೇ ಸಂಖ್ಯೆಯಿಂದ ಓಡಿಸುವುದು ಮೇಲು. ಪಾತ್ ಮೇಟ್‌ನಲ್ಲಿ ‘ಪಾತ್ ಉದ್ದಕ್ಕೂ ಇರುವ ದೂರ’ ಕೊಡುವ ಆಯ್ಕೆ ಇದೆ. ಮೂಲ ಲಿಂಕಿನ ಪಿನ್ ಬಿಂದುವಿಗೆ ಅದನ್ನು ಕೊಟ್ಟು, ಮೋಷನ್ ಸ್ಟಡಿಯಲ್ಲಿ ಆ ದೂರಕ್ಕೆ ಕೀ ಹಾಕಿ: 0 ಇಂದ 25.4. ಅದೇ ಅವಧಿಯಲ್ಲಿ ಚಿಕ್ಕ ಸ್ಪ್ರಾಕೆಟ್ 2 × 360 ÷ 17 ಡಿಗ್ರಿ, ಅಂದರೆ 42.353 ತಿರುಗಬೇಕು, ದೊಡ್ಡದು 21.176. ದುಂಡು ಮಾಡದೆ ಭಾಗಾಕಾರವನ್ನೇ ಪೆಟ್ಟಿಗೆಯಲ್ಲಿ ಟೈಪ್ ಮಾಡಿ. ಪಾತ್ ಮೇಟ್ ಸೇರಿಸಿದಾಗ ಓವರ್‌ಡಿಫೈನ್ಡ್ ಬಂದರೆ, ಮೂಲ ಲಿಂಕಿಗೆ ಮೊದಲೇ ಕೊಟ್ಟಿದ್ದ ಜೋಡಣೆಯ ಮೇಟ್‌ಗಳು ಉಳಿದಿವೆಯೇ ನೋಡಿ ತೆಗೆಯಿರಿ.

ಯಾಕೆ 25.4 ಮಾತ್ರ? ಒಂದು ಒಳ, ಒಂದು ಹೊರ ಲಿಂಕ್ ಸರಿದರೆ ಚಿತ್ರ ಮೊದಲಿದ್ದ ಹಾಗೆಯೇ ಕಾಣುತ್ತದೆ. ಅಷ್ಟನ್ನೇ ರೆಂಡರ್ ಮಾಡಿ ಲೂಪ್ ಹಾಕಿದರೆ ಚೈನ್ ದಿನವಿಡೀ ಓಡುತ್ತದೆ. ಪಾತ್‌ನ ಆರಂಭ ಬಿಂದುವನ್ನು ಲಿಂಕ್ ದಾಟುವಾಗ ಬರುವ ನೆಗೆತದ ರಗಳೆಯೂ ಇಲ್ಲ.

ಕೀಲುಬಿಂದು:

ಇಷ್ಟೆಲ್ಲ ಯಾಕೆ? 74 ಲಿಂಕಿಗೂ ಪಿನ್ ಜಾಯಿಂಟ್, ಹಲ್ಲಿಗೆ 3ಡಿ ಕಾಂಟ್ಯಾಕ್ಟ್, ಒಂದು ಮೋಟರ್. ಸಾಲ್ವರ್ ತಾನೇ ಓಡಿಸುತ್ತದೆ, ನಿಜವಾದ ಚಲನೆಯೂ ಸಿಗುತ್ತದೆ.

ಪಿಚ್ಚುಗಾರ:

ಪಿನ್‌ಗೆ ಬೀಳುವ ಬಲ ಬೇಕಿದ್ದರೆ ಅದೇ ದಾರಿ. 10 ಸೆಕೆಂಡಿನ ವಿಡಿಯೊಗೆ ಅಲ್ಲ. 74 ಲಿಂಕ್, ಎರಡು ಸ್ಪ್ರಾಕೆಟ್, 148 ಕಾಂಟ್ಯಾಕ್ಟ್ ಜೋಡಿ. ರೋಲರ್ ಹಲ್ಲಿಗೆ ಬಡಿದಾಗಲೆಲ್ಲ ಸಾಲ್ವರ್ ಟೈಮ್ ಸ್ಟೆಪ್ ಕಿರಿದು ಮಾಡಿಕೊಳ್ಳುತ್ತದೆ. 60 ಆರ್‌ಪಿಎಂನಲ್ಲಿ ಚಿಕ್ಕ ಸ್ಪ್ರಾಕೆಟ್ ಒಂದರಲ್ಲೇ ಸೆಕೆಂಡಿಗೆ 17 ಬಡಿತ.

ಅದಕ್ಕಿಂತ ಮೊದಲು ಎಡವುವುದು ಕೊನೆಯ ಜಾಯಿಂಟ್‌ನಲ್ಲಿ. ಒಂದು ಬಿಡಿ ಲಿಂಕಿಗೆ ಚಲನೆಯ 6 ಸ್ವಾತಂತ್ರ್ಯ (3 ದಿಕ್ಕಿಗೆ ಸರಿಯುವುದು, 3 ಅಕ್ಷದ ಸುತ್ತ ತಿರುಗುವುದು), 74ಕ್ಕೆ 444. ಒಂದೊಂದು ಪಿನ್ ಜಾಯಿಂಟ್ 5 ಕಸಿಯುತ್ತದೆ, 74 ಜಾಯಿಂಟ್‌ಗೆ 370. ಲೆಕ್ಕದ ಪ್ರಕಾರ 74 ಉಳಿಯಬೇಕು. ವಾಸ್ತವವಾಗಿ ಸಮಾಂತರ ಪಿನ್‌ಗಳ ಮುಚ್ಚಿದ ಸರಪಳಿಗೆ 77 ಇರುತ್ತದೆ. ಅಂದರೆ 3 ನಿರ್ಬಂಧಗಳು ಹೆಚ್ಚುವರಿ. 73 ಜಾಯಿಂಟ್ ಹಾಕಿದಾಗಲೇ ಎಲ್ಲ ಲಿಂಕ್‌ಗಳೂ ಒಂದೇ ತಲಕ್ಕೆ ಬಂದಿರುತ್ತವೆ. 74ನೆಯದು ಮತ್ತೆ ಅದನ್ನೇ ಹೇಳುತ್ತದೆ, ಆಗ ಸಾಲ್ವರ್ ತನಗೆ ತೋಚಿದ 3 ನಿರ್ಬಂಧ ತೆಗೆಯುತ್ತದೆ. ಬಲದ ಲೆಕ್ಕ ಅಲ್ಲೇ ಹಾಳು.

ಕೊನೆಯ ಒಂದು ಜಾಯಿಂಟ್‌ಗೆ ಮಾತ್ರ ಕಾನ್ಸೆಂಟ್ರಿಕ್ ಬದಲು, ಪಿನ್‌ನ ಮಧ್ಯಬಿಂದು ಬುಶ್‌ನ ಅಕ್ಷದ ಮೇಲಿರಲಿ ಎಂಬ ಬಿಂದು-ಗೆರೆ ಮೇಟ್ ಕೊಡಿ. ಅದು 2 ಮಾತ್ರ ಕಸಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಪ್ರತಿ ಲಿಂಕನ್ನೂ ಫ್ರಂಟ್ ಪ್ಲೇನ್‌ಗೆ ಕೋಇನ್ಸಿಡೆಂಟ್ ಮಾಡುವ ಚಾಳಿ ಇದ್ದರೆ ಬಿಟ್ಟುಬಿಡಿ, ಅದೂ ಇದೇ ರೋಗ.

ಕಾಂಟ್ಯಾಕ್ಟ್ ಹಾಕಿದರೆ ಸಿಗುವ ‘ನಿಜವಾದ ಚಲನೆ’ ಎಂದರೆ ಬಹುಭುಜದ ಕುಲುಕಾಟ. 17 ಹಲ್ಲಿಗೆ ವೇಗದ ಏರಿಳಿತ 1.7 ಪ್ರತಿಶತ, ನೇರ ಎಳೆ ಮೇಲೆ ಕೆಳಗೆ 0.59 ಮಿ.ಮೀ. ಪ್ರಾತ್ಯಕ್ಷಿಕೆಯ ವಿಡಿಯೊದಲ್ಲಿ ಅದನ್ನು ನೋಡಿ ಯಾರಾದರೂ ‘ಚೈನ್ ನಡುಗುತ್ತಿದೆ, ಸರಿ ಮಾಡಿ’ ಅಂದಾರು.

ನೋಡ್‌ಕರ್ವ್:

ಬ್ಲೆಂಡರ್‌ನಲ್ಲಿ ಮಾಡುವವರಿಗೆ. ಅರೇ ಮಾಡಿಫೈಯರ್, ಅದರ ಮೇಲೆ ಕರ್ವ್ ಮಾಡಿಫೈಯರ್ ಹಾಕಿದರೆ ಚೈನ್ ಎರಡು ನಿಮಿಷದಲ್ಲಿ ಸಿದ್ಧ. ದೂರದಿಂದ ಚೆನ್ನಾಗಿಯೂ ಕಾಣುತ್ತದೆ. ಹತ್ತಿರ ಹೋಗಿ ನೋಡಿ: ಸ್ಪ್ರಾಕೆಟ್ ಸುತ್ತುವಾಗ ಪ್ಲೇಟ್ ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ, ರೋಲರ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕರ್ವ್ ಮಾಡಿಫೈಯರ್ ಮೆಶ್ಶನ್ನೇ ಬಗ್ಗಿಸುತ್ತದೆ, ಉಕ್ಕು ಹಾಗೆ ಬಗ್ಗುವುದಿಲ್ಲ. ಲಿಂಕ್ ಗಟ್ಟಿಯಾಗಿರಬೇಕಾದರೆ ಜಿಯಾಮೆಟ್ರಿ ನೋಡ್ಸ್‌ನಲ್ಲಿ ಇನ್‌ಸ್ಟನ್ಸ್ ಮಾಡಬೇಕು.

ನೋಡ್‌ಗಳ ಓಟ: 74 ಬಿಂದು ತಯಾರಿಸಿ. ಇಂಡೆಕ್ಸ್ × ಪಿಚ್ + ಸರಿತ (ಚೈನ್ ಆಗ ಸರಿದಿರುವ ದೂರ). ಅದನ್ನು ಒಟ್ಟು ಉದ್ದದಿಂದ ಮಾಡ್ಯುಲೊ (ಭಾಗಿಸಿದಾಗ ಉಳಿಯುವ ಶೇಷ). ಸ್ಯಾಂಪಲ್ ಕರ್ವ್ ನೋಡನ್ನು ಲೆಂಗ್ತ್ ಮೋಡ್‌ನಲ್ಲಿಟ್ಟು ಹಿಂಪಿನ್ ಜಾಗ ತೆಗೆಯಿರಿ. ಇನ್ನೊಂದು ಸ್ಯಾಂಪಲ್ ಕರ್ವ್‌ನಲ್ಲಿ ಒಂದು ಪಿಚ್ ಸೇರಿಸಿ, ಅದಕ್ಕೂ ಮಾಡ್ಯುಲೊ ಹಾಕಿ, ಮುಂಪಿನ್ ಜಾಗ. ಎರಡರ ವ್ಯತ್ಯಾಸವೇ ಲಿಂಕಿನ ದಿಕ್ಕು, ಎರಡರ ಮಧ್ಯಬಿಂದುವೇ ಲಿಂಕಿನ ಜಾಗ. ಇಂಡೆಕ್ಸನ್ನು 2ರಿಂದ ಮಾಡ್ಯುಲೊ ಮಾಡಿ ಪಿಕ್ ಇನ್‌ಸ್ಟನ್ಸ್‌ಗೆ ಕೊಟ್ಟರೆ ಒಳ, ಹೊರ ಲಿಂಕ್ ಸರದಿಯಲ್ಲಿ ಬರುತ್ತವೆ.

ಕರ್ವ್‌ನ ಟ್ಯಾಂಜೆಂಟನ್ನೇ ದಿಕ್ಕಾಗಿ ಬಳಸಬೇಡಿ. ಬಹಳ ಜನ ಮಾಡುವ ತಪ್ಪು ಇದು. ಮುಂಪಿನ್ ಜಾಗದ ಟ್ಯಾಂಜೆಂಟ್ ಹಿಡಿದರೆ ಹಿಂಪಿನ್ ಪಾತ್ ಬಿಟ್ಟು ಹೊರಗೆ ಚಾಚಿ, ಪಕ್ಕದ ಲಿಂಕಿನ ತೂತಿಗೆ ಸೇರುವುದಿಲ್ಲ.

ಇಲ್ಲಿ ಅಳತೆ ಕಂಸದ್ದು. ಪಿಚ್ಚುಗಾರ ಸರ್ ಹೇಳಿದ 34.36 ಮತ್ತು 68.72 ತ್ರಿಜ್ಯ ಬಳಸಿ. ತಿರುವಿನಲ್ಲಿ ಎರಡು ಪಿನ್‌ಗಳ ನೇರ ದೂರ 12.63 ಆಗುತ್ತದೆ, ಲಿಂಕ್ 12.7. ಉಳಿದ 0.07 ಲಿಂಕಿನ ಮೂಲಬಿಂದು ಮಧ್ಯದಲ್ಲಿದ್ದರೆ ಎರಡೂ ತುದಿಗೆ ಹಂಚಿಹೋಗಿ ಪಿನ್ ತಲೆಯ ಅಡಿ ಮುಚ್ಚಿಹೋಗುತ್ತದೆ.

ಕರ್ವ್ ರೆಸಲ್ಯೂಷನ್ ಡಿಫಾಲ್ಟ್ 12ರಲ್ಲಿ ಬಿಟ್ಟರೆ ಆರ್ಕ್ ಚೂರುಚೂರು ಗೆರೆಯಾಗಿ ಒಟ್ಟು ಉದ್ದ ಸುಮಾರು ಕಾಲು ಮಿ.ಮೀ. ಕಡಿಮೆ ಬರುತ್ತದೆ. 64 ಮಾಡಿ, ಕರ್ವ್ ಲೆಂಗ್ತ್ ನೋಡ್ ಹಚ್ಚಿ ನೋಡಿ.

ಲಿಂಕ್ ಒಂದು ಕಡೆ ತಟಕ್ಕನೆ ಮಗುಚಿದರೆ ಅದು ಅಲೈನ್ ನೋಡ್‌ನ ಪಿವಟ್ ಆಟೊದಲ್ಲಿರುವುದರಿಂದ. ಕರ್ವ್ ಎಕ್ಸ್-ವೈ ತಲದಲ್ಲಿದ್ದರೆ ಪಿವಟ್ ಝಡ್‌ಗೆ ಕಟ್ಟಿಹಾಕಿ.

ಹಲ್ಲುಚಕ್ರ17:

ಶುರುವಿನಲ್ಲಿ ಸ್ಪ್ರಾಕೆಟ್ ಯಾವ ಕೋನದಲ್ಲಿ ನಿಲ್ಲಬೇಕು? ಚಿಕ್ಕದನ್ನು ಕಣ್ಣಂದಾಜಿನಲ್ಲಿ ಕೂರಿಸಿದರೆ ದೊಡ್ಡದು ತಪ್ಪುತ್ತದೆ.

ನೋಡ್‌ಕರ್ವ್:

ಕಣ್ಣಂದಾಜು ಬೇಡ, ಸಂಖ್ಯೆ ಇದೆ. ಚೈನ್ ಚಿಕ್ಕ ಸ್ಪ್ರಾಕೆಟ್ ಬಿಟ್ಟು ಹೊರಡುವ ಟ್ಯಾಂಜೆಂಟ್ ಬಿಂದುವಿನಲ್ಲಿ ಪಾತ್ ಶುರುವಾಗಲಿ, ಸೊನ್ನೆ ಸರಿತದಲ್ಲಿ ಅಲ್ಲೊಂದು ಪಿನ್ ಇರಲಿ. ಚಿಕ್ಕ ಸ್ಪ್ರಾಕೆಟ್‌ನ ಒಂದು ಕುಳಿಯ ಮಧ್ಯವನ್ನು ಆ ಪಿನ್‌ಗೆ ತಿರುಗಿಸಿ. ಅಲ್ಲಿಂದ ನೇರ ಎಳೆ 304.12 ಮಿ.ಮೀ., ಅಂದರೆ 23.946 ಪಿಚ್. 24ನೇ ಪಿನ್ ದೊಡ್ಡ ಸ್ಪ್ರಾಕೆಟ್‌ನ ಟ್ಯಾಂಜೆಂಟ್ ಬಿಂದುವನ್ನು 0.054 ಪಿಚ್ ದಾಟಿ ಕೂತಿರುತ್ತದೆ. ದೊಡ್ಡದರ ಒಂದು ಪಿಚ್ 10.588 ಡಿಗ್ರಿ. ಹಾಗಾಗಿ ಅದರ ಕುಳಿಯನ್ನು ಟ್ಯಾಂಜೆಂಟ್ ಬಿಂದುವಿನಿಂದ ಚೈನ್ ಓಡುವ ದಿಕ್ಕಿಗೆ 0.57 ಡಿಗ್ರಿ ಮುಂದೆ ಇಡಿ.

ಮೇಟ್‌ಮನೆ:

ಸೇರಿಸಬೇಕಾದ್ದೊಂದು. ಎರಡೂ ಎಳೆ ಹಗ್ಗದಂತೆ ಬಿಗಿಯಾಗಿದ್ದರೆ ಚೈನ್ ಬೆಲ್ಟಿನ ಹಾಗೆ ಕಾಣುತ್ತದೆ. ಸಡಿಲ ಬದಿಗೆ 6 ಮಿ.ಮೀ. ಜೋಲು ಕೊಡಿ, ಗೆರೆಯ ಜಾಗಕ್ಕೆ ದೊಡ್ಡ ತ್ರಿಜ್ಯದ ಆರ್ಕ್. ಜೋಲಿನಿಂದ ಹೆಚ್ಚುವ ಉದ್ದ 8 × ಜೋಲು² ÷ (3 × ಎಳೆಯ ಉದ್ದ), ಇಲ್ಲಿ 0.32 ಮಿ.ಮೀ. ಅದನ್ನು ಸರಿದೂಗಿಸಲು ಸೆಂಟರ್ 306.05 ಇಂದ 305.89ಕ್ಕೆ ಇಳಿಸಿ. ಇಷ್ಟು ಸಣ್ಣ ಜೋಲಿಗೆ ಆರ್ಕ್ ಸಾಕು, ಕ್ಯಾಟನರಿ (ಜೋತುಬಿದ್ದ ಸರಪಳಿಯ ನಿಜವಾದ ವಕ್ರರೇಖೆ) ಬೇಡ. ಜೋಲು ಕೊಟ್ಟಮೇಲೆ ಟ್ಯಾಂಜೆಂಟ್ ಬಿಂದುಗಳು ಸರಿಯುವುದರಿಂದ ಮೇಲೆ ಹೇಳಿದ 0.57 ಡಿಗ್ರಿಯನ್ನು ಮತ್ತೆ ಲೆಕ್ಕ ಹಾಕಿ.

ಹಲ್ಲುಚಕ್ರ17:

ಎಲ್ಲ ಕೂತಿತು. ಆದರೆ ಈಗ ವಿಚಿತ್ರ. 60 ಆರ್‌ಪಿಎಂ, 24 ಫ್ರೇಮ್‌ನಲ್ಲಿ ರೆಂಡರ್ ಮಾಡಿದರೆ ಚೈನ್ ಮುಂದೆ ಹೋಗುತ್ತದೆ, ಸ್ಪ್ರಾಕೆಟ್ ಹಿಂದೆ ತಿರುಗುತ್ತದೆ. ಟೈಮ್‌ಲೈನ್‌ನಲ್ಲಿ ಒಂದೊಂದೇ ಫ್ರೇಮ್ ನೋಡಿದರೆ ಕೋನ ಸರಿಯಾಗಿಯೇ ಏರುತ್ತಿದೆ.

ಪಿಚ್ಚುಗಾರ:

ಮಾದರಿ ಸರಿ ಇದೆ, ಇದು ಫ್ರೇಮಿನ ಆಟ. 17 ಹಲ್ಲು, ಸೆಕೆಂಡಿಗೆ ಒಂದು ಸುತ್ತು, 24 ಫ್ರೇಮ್: ಫ್ರೇಮಿಗೆ 0.708 ಪಿಚ್. ಸ್ಪ್ರಾಕೆಟ್‌ನ ಎಲ್ಲ ಹಲ್ಲೂ ಒಂದೇ ಥರ. ಹಲ್ಲು 0.708 ಮುಂದೆ ಹೋದದ್ದು ಕಣ್ಣಿಗೆ 0.292 ಹಿಂದೆ ಬಂದಂತೆ. ಚೈನ್‌ನ ನಮೂನೆ ಮರುಕಳಿಸುವುದು 2 ಪಿಚ್‌ಗೊಮ್ಮೆ. ಅದಕ್ಕೆ 0.708 ಇನ್ನೂ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಮುಂದೆಯೇ ಹೋದಂತೆ ಕಾಣುತ್ತದೆ. ಒಂದೇ ಚಿತ್ರದಲ್ಲಿ ಎರಡು ದಿಕ್ಕು.

ಫ್ರೇಮಿಗೆ 0.5 ಪಿಚ್ ದಾಟಲೇಬಾರದು. 0.3ರ ಒಳಗಿದ್ದರೆ ಹಿತ. 60 ಫ್ರೇಮ್‌ಗೆ ಏರಿಸಿದರೆ ನಿಮ್ಮ 60 ಆರ್‌ಪಿಎಂ 0.283 ಆಗುತ್ತದೆ. 24ರಲ್ಲೇ ಇರಬೇಕೆಂದರೆ ವೇಗ ಇಳಿಸಿ. ಮೋಷನ್ ಬ್ಲರ್‌ನಿಂದ ಮುಚ್ಚಬಹುದು, ಆದರೆ ಹಲ್ಲು-ರೋಲರ್ ಕೂಡುವುದನ್ನು ತೋರಿಸಲೆಂದೇ ಮಾಡಿದ ವಿಡಿಯೊದಲ್ಲಿ ಅದನ್ನೇ ಮಸುಕು ಮಾಡುವುದು ಯಾಕೆ?

ಎಳೆಗೊಂಡಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೇ ವಿಧಾನದಲ್ಲಿ ಕೇಬಲ್ ಹೊರುವ ಡ್ರ್ಯಾಗ್ ಚೈನ್ ಓಡಿಸಬಹುದೇ? ಟ್ರಾವೆಲ್ 1000 ಮಿ.ಮೀ., ಬೆಂಡ್ ತ್ರಿಜ್ಯ 75.

ಮೇಟ್‌ಮನೆ:

ವಿಧಾನ ತಲೆಕೆಳಗು. ರೋಲರ್ ಚೈನ್‌ನಲ್ಲಿ ಪಾತ್ ನಿಂತಿರುತ್ತದೆ, ಲಿಂಕ್ ಜಾರುತ್ತದೆ. ಡ್ರ್ಯಾಗ್ ಚೈನ್‌ನಲ್ಲಿ ಲಿಂಕ್ ಪಾತ್ ಮೇಲೆ ಜಾರುವುದೇ ಇಲ್ಲ, ಪಾತ್ ಆಕಾರ ಬದಲಿಸುತ್ತದೆ. ಹಾಗಾಗಿ ಮೊದಲ ಲಿಂಕ್ ಸ್ಥಿರ ತುದಿಗೆ ಕಟ್ಟಿರಲಿ, ಸ್ಕೆಚ್ ಮಾತ್ರ ಓಡಲಿ.

ಸ್ಥಿರ ತುದಿ ಟ್ರಾವೆಲ್‌ನ ಮಧ್ಯದಲ್ಲಿದ್ದರೆ ಉದ್ದ = ಟ್ರಾವೆಲ್‌ನ ಅರ್ಧ + π × ತ್ರಿಜ್ಯ. 500 + 235.6 = 735.6, ಅದಕ್ಕೆ ಇನ್ನೆರಡು ಪಿಚ್. ಸ್ಕೆಚ್: ಗೆರೆ, ಅರ್ಧವೃತ್ತ, ಗೆರೆ. ಸಾಲಿಡ್‌ವರ್ಕ್ಸ್‌ನಲ್ಲಿ ಪಾತ್ ಲೆಂಗ್ತ್ ಡೈಮೆನ್ಶನ್ ಕೊಟ್ಟು ಒಟ್ಟು ಉದ್ದ ಕಟ್ಟಿ, ತ್ರಿಜ್ಯ ಕಟ್ಟಿ, ಚಲಿಸುವ ತುದಿಯನ್ನು ಬ್ರ್ಯಾಕೆಟ್‌ಗೆ ಹಿಡಿಸಿ. ಬ್ರ್ಯಾಕೆಟ್ 100 ಸರಿದರೆ ಬೆಂಡ್ 50 ಸರಿಯಬೇಕು, ಹಾಗಾಗದಿದ್ದರೆ ಎಲ್ಲೋ ಒಂದು ಡೈಮೆನ್ಶನ್ ಬಿಟ್ಟಿದೆ.

ಆ ಎರಡು ಪಿಚ್ ಬಿಟ್ಟರೆ ಟ್ರಾವೆಲ್‌ನ ತುದಿಯಲ್ಲಿ ಒಂದು ಗೆರೆಯ ಉದ್ದ ಸೊನ್ನೆಯಾಗಿ, ಆರ್ಕ್ ಆಚೆ ಬದಿಗೆ ಮಗುಚಿ ಬೀಳುತ್ತದೆ. ಒಮ್ಮೆ ಮಗುಚಿದರೆ ವಾಪಸ್ ಎಳೆದರೂ ಬಗ್ಗುವುದಿಲ್ಲ, ಅನ್‌ಡೂ ಒಂದೇ ಗತಿ. ಬ್ರ್ಯಾಕೆಟ್‌ಗೆ ಲಿಮಿಟ್ ಮೇಟ್ ಹಾಕಿ.

ಹಲ್ಲುಚಕ್ರ17:

ಮತ್ತೆ ನನ್ನದಕ್ಕೆ. 2 ಪಿಚ್ ಲೂಪ್ ಹಾಕಿದೆ. ಚೈನ್ ಚೆನ್ನಾಗಿದೆ, ಸ್ಪ್ರಾಕೆಟ್‌ನ ಕೀವೇ (ಶಾಫ್ಟ್ ಕೂರುವ ರಂಧ್ರದ ಸೀಳು) ಮಾತ್ರ ಪ್ರತಿ ಲೂಪ್‌ಗೂ 42 ಡಿಗ್ರಿ ಹಿಂದಕ್ಕೆ ನೆಗೆಯುತ್ತದೆ. ಲೂಪ್ ತಿರುಗುವ ಜಾಗದಲ್ಲಿ ಒಂದು ಸಣ್ಣ ತಡವರಿಕೆಯೂ ಇದೆ.

ನೋಡ್‌ಕರ್ವ್:

ತಡವರಿಕೆಗೆ ಕಾರಣ: ಮೊದಲ ಫ್ರೇಮ್, ಕೊನೆಯ ಫ್ರೇಮ್ ಒಂದೇ ಚಿತ್ರ, ಅದು ಎರಡು ಸಲ ಬರುತ್ತಿದೆ. 48 ಫ್ರೇಮಿನ ಲೂಪ್ ಆದರೆ ಕೀಗಳು 1 ಮತ್ತು 49ರಲ್ಲಿ, ರೆಂಡರ್ 1ರಿಂದ 48. ಕೀಗಳ ಇಂಟರ್‌ಪೊಲೇಷನ್ ಲೀನಿಯರ್ ಇದೆಯೇ ಅದನ್ನೂ ನೋಡಿ. ಬ್ಲೆಂಡರ್‌ನ ಡಿಫಾಲ್ಟ್ ಬೆಝಿಯರ್, ಅದು ಶುರುವಿನಲ್ಲಿ ನಿಧಾನ, ಕೊನೆಯಲ್ಲಿ ನಿಧಾನ. ಚೈನ್ ಬಿಕ್ಕಳಿಸಿದಂತೆ ಕಾಣುತ್ತದೆ.

ಪಿಚ್ಚುಗಾರ:

ಕೀವೇ ಕಾಣುವುದಾದರೆ 2 ಪಿಚ್ ಸಾಲದು, ಎರಡೂ ಸ್ಪ್ರಾಕೆಟ್ ಮೂಲ ಸ್ಥಾನಕ್ಕೆ ಮರಳಬೇಕು. 2, 17, 34 ಮೂರಕ್ಕೂ ಲಸಾಅ 34. ಚಿಕ್ಕದು 2 ಸುತ್ತು, ದೊಡ್ಡದು 1 ಸುತ್ತು, ಚೈನ್ 34 ಪಿಚ್ ಅಂದರೆ 431.8 ಮಿ.ಮೀ. 24 ಫ್ರೇಮ್‌ನಲ್ಲಿ 120 ಫ್ರೇಮ್ ಇಡಿ. ಫ್ರೇಮಿಗೆ 0.283 ಪಿಚ್, ಹಿಂದೆ ತಿರುಗುವ ಭ್ರಮೆ ಇಲ್ಲ. 5 ಸೆಕೆಂಡಿನ ಲೂಪ್, ಎರಡು ಸಲ ಓಡಿಸಿದರೆ ನಿಮ್ಮ 10 ಸೆಕೆಂಡ್. ಚಿಕ್ಕ ಸ್ಪ್ರಾಕೆಟ್ 24 ಆರ್‌ಪಿಎಂ, ದೊಡ್ಡದು 12, ಚೈನ್ ಸೆಕೆಂಡಿಗೆ 86.36 ಮಿ.ಮೀ.

ಹಲ್ಲುಚಕ್ರ17:

ಕ್ಲಿಪ್ ಇರುವ ಜೋಡಿ ಲಿಂಕಿಗೆ ಬೇರೆ ಬಣ್ಣ ಕೊಟ್ಟಿದ್ದೇನೆ. ಅದು ಲೂಪ್ ಆಗುತ್ತದೆಯೇ?

ಪಿಚ್ಚುಗಾರ:

ಇಲ್ಲ. ಆಗ 74ನ್ನೂ ಲಸಾಅಕ್ಕೆ ಸೇರಿಸಬೇಕು: 1258 ಪಿಚ್, ಇದೇ ವೇಗದಲ್ಲಿ 185 ಸೆಕೆಂಡ್. ಬಣ್ಣ ತೆಗೆಯಿರಿ, ಇಲ್ಲವೇ ಲೂಪ್ ಕೈಬಿಟ್ಟು 240 ಫ್ರೇಮನ್ನೂ ರೆಂಡರ್ ಮಾಡಿ.